ಹನ್ನೆರಡನೆಯ ಶತಮಾನದ ಮಂಗಳೂರು ಮತ್ತು ಯಹೂದಿ ವರ್ತಕರು

ಕರಾವಳಿ ಕರ್ನಾಟಕದ ಪ್ರಾಚೀನ ಇತಿಹಾಸಕ್ಕೆ ಶಾಸನಗಳೇ ಮುಖ್ಯ ಆಕರಗಳು. ಅವುಗಳಿಂದ ಆಳುಪ ಅರಸರ ವಂಶಾವಳಿ, ದಾನದತ್ತಿಗಳು ತಿಳಿದುಬರುತ್ತವೆ. ಆದರೆ ಬಂದರಿನಲ್ಲಿ ಕೊಂಡು ಮಾರಿದವರ, ದುಡಿದವರ ನಿತ್ಯಜೀವನದ ವಿವರಗಳು ಅವುಗಳಲ್ಲಿ ವಿರಳ. ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿಸುವ ಆಕರ ದೊರೆತದ್ದು ಈಜಿಪ್ಟಿನಲ್ಲಿ ಎಂಬುದು ಗಮನಾರ್ಹ.

ದೇವರ ನಾಮವಿರುವ ಬರಹವನ್ನು ನಾಶಪಡಿಸಬಾರದೆಂಬುದು ಯಹೂದಿಗಳ ನಂಬಿಕೆ. ಆದಕಾರಣ ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ 'ಗೆನೀಜಾ' ಎಂಬ ಕೋಣೆಯಲ್ಲಿ ಶತಮಾನಗಳ ಕಾಗದಪತ್ರಗಳು ಸಂಗ್ರಹವಾದವು. ಅವುಗಳಲ್ಲಿ ಬಹುಭಾಗವನ್ನು ಸಾಲೊಮನ್ ಶೆಕ್ಟರ್ 1896-97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದರು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ವ್ಯಾಪಾರಪತ್ರಗಳನ್ನು ಎಸ್. ಡಿ. ಗಾಯ್ಟೈನ್ ಅಧ್ಯಯನಕ್ಕೆ ಒಳಪಡಿಸಿದ ಮೇಲೆ 'ಮಂಜರೂರು', ಅಂದರೆ ಮಂಗಳೂರು, ವಿದ್ವಾಂಸರ ಗಮನ ಸೆಳೆಯಿತು.

ಈ ಪತ್ರಗಳ ಕೇಂದ್ರವ್ಯಕ್ತಿ ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯಾದ ಮಹ್ದಿಯಾ ಮೂಲದ ಈತ ಏಡನ್‌ನ ಪ್ರಮುಖ ವರ್ತಕ ಮದ್ಮೂನ್ ಬೆನ್ ಹಸನನ ಆಶ್ರಯದಲ್ಲಿ ವ್ಯವಹಾರ ಆರಂಭಿಸಿ, 1132ರ ವೇಳೆಗೆ ಮಂಗಳೂರಿಗೆ ಬಂದಿದ್ದನು. 1149ರಲ್ಲಿ ಏಡನ್‌ಗೆ ಮರಳುವವರೆಗಿನ ಹೆಚ್ಚಿನ ಕಾಲವನ್ನು ಪಶ್ಚಿಮ ಕರಾವಳಿಯಲ್ಲಿಯೇ ಕಳೆದನು. ಆಗ ಮಂಗಳೂರು ಆಳುಪರ ಆಳ್ವಿಕೆಗೆ ಒಳಪಟ್ಟಿತ್ತು.

ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಏಡನ್‌ಗೆ ಹೋಗುತ್ತಿದ್ದವು. ಅಲ್ಲಿಂದ ಈಜಿಪ್ಟಿನ ಬಿಳಿಯ ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿದ್ದವು. ಬೆನ್ ಯಿಜು ಕರಾವಳಿಯಲ್ಲಿ ಕಂಚಿನ ಕಾರ್ಖಾನೆಯನ್ನೂ ನಡೆಸುತ್ತಿದ್ದನು. ಏಡನ್‌ನ ವರ್ತಕರು ತಾಮ್ರ, ಸೀಸ ಹಾಗೂ ಒಡೆದ ಪಾತ್ರೆಗಳನ್ನು ಕಳುಹಿಸಿ, ಬೇಕಾದ ಆಕಾರದ ಪಾತ್ರೆಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಕಚ್ಚಾ ಲೋಹ ಸಮುದ್ರ ದಾಟಿ ಬಂದು, ಇಲ್ಲಿನ ಕುಶಲಕರ್ಮಿಗಳ ಕೈಯಲ್ಲಿ ರೂಪುಗೊಂಡು ಹಿಂದಿರುಗುತ್ತಿದ್ದುದು ಈ ತೀರದ ಕೌಶಲಕ್ಕೆ ಇದ್ದ ಮನ್ನಣೆಯನ್ನು ತೋರಿಸುತ್ತದೆ. ಕರಾವಳಿ ಕೇವಲ ಸಾಂಬಾರ ಪದಾರ್ಥಗಳ ದಾಸ್ತಾನಾಗಿರದೆ ಉತ್ಪಾದನೆಯ ಕೇಂದ್ರವೂ ಆಗಿತ್ತು.

ಈ ವ್ಯಾಪಾರ ಧರ್ಮಭೇದವಿಲ್ಲದ ವಿಶ್ವಾಸವನ್ನು ಅವಲಂಬಿಸಿತ್ತು. ವಿಶ್ವಾಸಭಂಗದ ನಿದರ್ಶನವೂ ಉಂಟು. ಏಲಕ್ಕಿಗಾಗಿ ಮುಂಗಡ ಪಡೆದ 'ಕಾರ್ದಾರ್' ಎಂಬುವನು ಸರಕನ್ನು ಒಪ್ಪಿಸಲಿಲ್ಲ. ಆತನ ಅಪಕೀರ್ತಿಯನ್ನು ಸಾರುವ ಪತ್ರ ಹೊರಡಿಸುವುದಾಗಿ ಎಚ್ಚರಿಸುವಂತೆ ಏಡನ್‌ನ ಪಾಲುದಾರ ಸೂಚಿಸಿದನು. ಸಮುದ್ರದಾಚೆಯಿಂದ ದಂಡ ವಿಧಿಸುವಂತಿರಲಿಲ್ಲ. ಹೆಸರು ಕೆಡುವ ಭಯವೇ ಅಂದಿನ ಕಟ್ಟುಪಾಡು.

ಬೆನ್ ಯಿಜುವಿನ ಮನೆವಾರ್ತೆಯೂ ಸ್ಥಳೀಯವೇ ಆಗಿತ್ತು. 1132ರ ಅಕ್ಟೋಬರ್ 17ರಂದು ಆತನು ಅಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿದ ಪತ್ರ ಮಂಗಳೂರಿನಲ್ಲಿ ಬರೆಯಲ್ಪಟ್ಟಿತು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹರಿಸಿದ ದಾಸನ ಹೆಸರನ್ನು ಅಮಿತಾವ್ ಘೋಷ್ ಅವರು ಬಿ. ಎ. ವಿವೇಕ ರೈ ಅವರ ನೆರವಿನಿಂದ 'ಬೊಮ್ಮ' ಎಂದು ಗುರುತಿಸಿದ್ದಾರೆ. ಏಡನ್‌ನ ವರ್ತಕರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೂ ವಂದನೆ ತಿಳಿಸುತ್ತಿದ್ದರು. ಆದರೂ ಅಶು, ಬೊಮ್ಮ ಇಬ್ಬರೂ ದಾಸ್ಯದ ಹಾದಿಯಿಂದಲೇ ಆ ಮನೆಯನ್ನು ಸೇರಿದವರು ಎಂಬುದನ್ನು ಮರೆಯಲಾಗದು. ಕಡಲ ವ್ಯಾಪಾರದ ಸಂಪತ್ತಿಗೆ ಇಂತಹ ದುಡಿಮೆಯೂ ಆಧಾರವಾಗಿತ್ತು.

ಒಟ್ಟಿನಲ್ಲಿ, ಯಹೂದಿ ವರ್ತಕರ ಕೊಡುಗೆಯನ್ನು ಕಟ್ಟಡ, ಮಂದಿರಗಳಲ್ಲಿ ಅರಸುವುದು ಉಚಿತವಲ್ಲ. ಮಂಗಳೂರನ್ನು ಏಡನ್, ಕೈರೋಗಳ ಮಾರುಕಟ್ಟೆಗೆ ಬೆಸೆದದ್ದು ಅವರ ಒಂದು ಕೊಡುಗೆ. ಶಿಲೆಯ ಮೇಲೆ ಸ್ಥಾನ ಪಡೆಯದ ಅಶು, ಬೊಮ್ಮರಂತಹವರ ಹೆಸರನ್ನು ಕಾಗದದ ಮೇಲೆ ಉಳಿಸಿದ್ದು ಇನ್ನೊಂದು. ಕನ್ನಡನಾಡಿನ ಸಾಮಾಜಿಕ ಚರಿತ್ರೆಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.