ಬುತ್ತಿ ತೀರಿದ ಮೇಲೂ ಉಳಿದ ದಾರಿ

ಎಚ್‌ಐವಿ ಸೋಂಕಿನೊಂದಿಗೆ ಮುಪ್ಪಿಗೆ ಕಾಲಿಟ್ಟವರ ಒಂಟಿತನವನ್ನು ಮನೋವಿಜ್ಞಾನದ ಪರಿಭಾಷೆಯಲ್ಲಷ್ಟೇ ವಿವರಿಸುವ ರೂಢಿಯಿದೆಯಾದರೂ, ಅಮೆರಿಕದ ಮಟ್ಟಿಗೆ ಅದರ ಒಂದು ಬೇರು ವಿಮಾ ಪಾಲಿಸಿಗಳ ವ್ಯಾಪಾರದಲ್ಲಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ‘ವಯಾಟಿಕಲ್ ಸೆಟಲ್‌ಮೆಂಟ್’ ಎಂಬ ವಹಿವಾಟು ಬೆಳೆಯಿತು. ಏಡ್ಸ್ ರೋಗಿಗಳು ತಮ್ಮ ಜೀವವಿಮೆಯನ್ನು ಹೂಡಿಕೆದಾರರಿಗೆ ಮಾರಿ ವಿಮಾ ಮೊತ್ತದ ಒಂದು ಪಾಲನ್ನು ಬದುಕಿರುವಾಗಲೇ ಪಡೆಯುತ್ತಿದ್ದರು, ಕೊಂಡವರು ಮುಂದಿನ ಕಂತುಗಳನ್ನು ಕಟ್ಟುತ್ತ, ಮಾರಿದವರು ತೀರಿಕೊಂಡ ಮೇಲೆ ಪೂರ್ಣ ಮೊತ್ತವನ್ನು ಎತ್ತಿಕೊಳ್ಳುತ್ತಿದ್ದರು. ಲ್ಯಾಟಿನ್‌ನ ‘ವಯಾಟಿಕಮ್’ ಎಂದರೆ ದಾರಿಯ ಬುತ್ತಿ. ಕ್ಯಾಥೊಲಿಕರಲ್ಲಿ ಅದು ಮರಣಶಯ್ಯೆಯಲ್ಲಿರುವವರಿಗೆ ಕೊಡುವ ಕೊನೆಯ ಪರಮಪ್ರಸಾದದ ಹೆಸರೂ ಹೌದು. ಇಂಥ ಪದವನ್ನು ಇಂಥ ಲೆಕ್ಕಕ್ಕೆ ಅಂಟಿಸಿದವರ ಎದೆಗಾರಿಕೆ ದೊಡ್ಡದು, ಏಕೆಂದರೆ ಆಯುಷ್ಯ ಕಡಿಮೆ ಉಳಿದಷ್ಟೂ ಪಾಲಿಸಿಗೆ ಹೆಚ್ಚು ಬೆಲೆ ಬರುತ್ತಿತ್ತು, ಮಾರಿದವರು ಬದುಕಿದಷ್ಟೂ ಕೊಂಡವರ ಲಾಭ ಕರಗುತ್ತಿತ್ತು.

1996ರ ಜುಲೈನಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವು ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯ ಫಲಿತಾಂಶವನ್ನು ಸಾರಿದಾಗ ಈ ಲೆಕ್ಕ ತಲೆಕೆಳಗಾಯಿತು. ಹೂಡಿಕೆದಾರರ ನಷ್ಟ ಸುದ್ದಿಯಾಯಿತು. ಆದರೆ ಕೆಲಸ ಬಿಟ್ಟು, ಬುತ್ತಿಯನ್ನು ಉಂಡು ಮುಗಿಸಿ, ಗೆಳೆಯರನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿ ತಮ್ಮ ಸರದಿಗೆ ಕಾದು ಕುಳಿತಿದ್ದವರು ಇನ್ನೂ ಹಲವು ದಶಕ ಬದುಕಬೇಕಾಗಿ ಬಂದುದನ್ನು ಯಾವ ಲೆಕ್ಕಪುಸ್ತಕವೂ ನಷ್ಟವೆಂದು ಬರೆದುಕೊಳ್ಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2013ರಲ್ಲಿ ಬದುಕುಳಿದವರ ಸಂಘಟನೆ ಕಟ್ಟಿದ ಟೆಜ್ ಆಂಡರ್ಸನ್ ಈ ಸ್ಥಿತಿಯನ್ನು ‘ಏಡ್ಸ್ ಸರ್ವೈವರ್ ಸಿಂಡ್ರೋಮ್’ ಎಂದು ಕರೆದರು: ನಾಳೆಯನ್ನು ಊಹಿಸಿಕೊಳ್ಳಲಾಗದಿರುವುದು, ತಾನೊಬ್ಬನೇ ಉಳಿದೆನೆಂಬ ಅಪರಾಧ ಪ್ರಜ್ಞೆ, ಖಿನ್ನತೆ, ಜನರಿಂದ ದೂರ ಸರಿಯುವುದು ಇದರ ಲಕ್ಷಣಗಳು. ವೈದ್ಯರ ರೋಗಪಟ್ಟಿಯಲ್ಲಿ ಈ ಹೆಸರಿಲ್ಲ. ಪಟ್ಟಿಯಲ್ಲಿರುವ ಹೆಸರುಗಳಿಗಿಂತ ಇದೇ ಹೆಚ್ಚು ನಿಖರವೆನಿಸುತ್ತದೆ.

ನ್ಯೂಯಾರ್ಕ್ ನಗರದಲ್ಲಿ 2006ರಲ್ಲಿ ಐವತ್ತು ದಾಟಿದ ಸುಮಾರು 1,000 ಸೋಂಕಿತರನ್ನು ಕುರಿತು ನಡೆದ ಅಧ್ಯಯನದಲ್ಲಿ ಶೇ 70ರಷ್ಟು ಮಂದಿ ಒಬ್ಬರೇ ವಾಸಿಸುತ್ತಿದ್ದರು. ಅವರ ಆಸರೆ ಬಹುಪಾಲು ಗೆಳೆಯರು, ಆ ಗೆಳೆಯರಲ್ಲೂ ಅನೇಕರು ಸೋಂಕಿತರೇ ಆಗಿದ್ದುದರಿಂದ, ಕಾಯಿಲೆ ಬಿದ್ದಾಗ ನೋಡಿಕೊಳ್ಳಬೇಕಾದವರೂ ನೋಡಿಕೊಳ್ಳುವವರಿಗಾಗಿ ಕಾಯುವ ಸ್ಥಿತಿಯಲ್ಲಿದ್ದರು.

ಭಾರತದಲ್ಲಿ ವೈರಾಣು ನಿರೋಧಕ ಚಿಕಿತ್ಸೆ, ಅಂದರೆ ಎಆರ್‌ಟಿ, ಸರ್ಕಾರದಿಂದ ಉಚಿತವಾಗಿ ಸಿಗತೊಡಗಿದ್ದು 2004ರ ಏಪ್ರಿಲ್ 1ರಿಂದ. ಆಗ ಮೂವತ್ತರ ಹರೆಯದಲ್ಲಿ ಮಾತ್ರೆ ಆರಂಭಿಸಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಅಂದರೆ ನ್ಯೂಯಾರ್ಕ್ ಅಧ್ಯಯನದವರ ವಯಸ್ಸಿಗೆ ಬಂದಿದ್ದಾರೆ. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಮಾತ್ರೆ ತಪ್ಪಿಸಲಿಲ್ಲವಷ್ಟೇ ಎಂದು ವಿಚಾರಿಸುವಾಗ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಲಿ.