ಮಿದುಳಿಗೆ ಟ್ರೇನಿಂಗ್ ಕೊಡಬಹುದಾ? ಒಂದು ಕರಪತ್ರಕ್ಕೆ ನಮ್ಮ ಉತ್ತರ

ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನ ನಾವು ಐದು ಜನ ಸಾವನದುರ್ಗ ಹತ್ತಿದ್ವಿ. ನಮ್ಮಲ್ಲೊಬ್ಬ ಹೊಸ ಟ್ರೆಕಿಂಗ್ ಶೂ ತಗೊಂಡಿದ್ದ. ಕರಿಗುಡ್ಡದ ತುದಿ ಮುಟ್ಟಿದಾಗ, "ಎಲ್ಲಾ ಈ ಶೂ ಮಹಿಮೆ ಕಣ್ರೋ" ಅಂದ. ಮಾಗಡಿಯ ಗೆಳೆಯ ಬರಿಗಾಲಲ್ಲೇ ಹತ್ತಿ, ನಮಗಿಂತ ಮೊದಲೇ ಅಲ್ಲಿ ಕೂತಿದ್ದ. ಅವನನ್ನ ನೋಡಿ ಎಲ್ಲರೂ ನಕ್ಕೆವು. ಆ ನಗು ಆಮೇಲೆ ಉಪಯೋಗಕ್ಕೆ ಬಂತು.

ಇಳಿದು ಬಂದ ಮೇಲೆ ಮಾಗಡಿ ಗೆಳೆಯನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಊಟ ಮುಗಿಯುವ ಹೊತ್ತಿಗೆ ಅವನ ಅಪ್ಪ ಒಂದು ಕರಪತ್ರ ತಂದು ಮುಂದಿಟ್ಟರು. "ನೀವೆಲ್ಲ ಇಂಜಿನಿಯರಿಂಗ್ ಓದ್ತಿದ್ದೀರಲ್ಲಪ್ಪಾ, ಇದು ನಿಜಾನಾ ನೋಡಿ ಹೇಳಿ." ಗೆಳೆಯನ ತಮ್ಮ ಏಳನೇ ಕ್ಲಾಸು. ಅವನಿಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇದೆ ಅಂತ ಡಾಕ್ಟರು ಹೇಳಿದ್ದಾರೆ. ಕರಪತ್ರದಲ್ಲಿ ತಲೆಗೆ ಟೋಪಿ ಹಾಕಿಕೊಂಡ ಮಗುವಿನ ಚಿತ್ರ, ಪಕ್ಕದಲ್ಲಿ "ನ್ಯೂರೋಫೀಡ್‌ಬ್ಯಾಕ್, 40 ಸೆಷನ್, ಮಾತ್ರೆ ಬೇಕಿಲ್ಲ." ಖರ್ಚು ಆ ಮನೆಯ ಎರಡು ರೇಷ್ಮೆ ಬೆಳೆಯ ದುಡ್ಡಿನಷ್ಟು. ನಮಗೆ ಆವತ್ತು ಉತ್ತರ ಗೊತ್ತಿರಲಿಲ್ಲ. ವಾಪಸ್ ಬಂದು ಒಂದು ವಾರ ಓದಿದ್ವಿ.

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ನಮಗೆ ಇದು ಹೊಸದೇನಲ್ಲ, ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನ ಕ್ಲೋಸ್ಡ್ ಲೂಪೇ. ನೆತ್ತಿಯ ಮೇಲೆ ಎಲೆಕ್ಟ್ರೋಡ್ ಇಟ್ಟರೆ ಮಿದುಳಿನ ವಿದ್ಯುತ್ ಚಟುವಟಿಕೆ ಸಿಗುತ್ತದೆ, ಅದೇ ಇಇಜಿ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿ ಮನುಷ್ಯನಿಂದ ಇದನ್ನು ದಾಖಲಿಸಿದರು. ಸಿಗ್ನಲ್ ಕೆಲವೇ ಹತ್ತು ಮೈಕ್ರೋವೋಲ್ಟ್. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ದೊಡ್ಡ ಗದ್ದಲ. ಜೊತೆಗೆ ಕರೆಂಟಿನ 50 ಹರ್ಟ್ಸ್. ಇದನ್ನೆಲ್ಲ ಫಿಲ್ಟರ್ ಮಾಡಿ ಪಟ್ಟಿಗಳಾಗಿ ಒಡೆಯುತ್ತಾರೆ: ಥೀಟಾ 4ರಿಂದ 8 ಹರ್ಟ್ಸ್, ಆಲ್ಫಾ 8ರಿಂದ 13, ಬೀಟಾ 13ರಿಂದ 30. ಬೇಕಾದ ಪಟ್ಟಿ ಏರಿದರೆ ಪರದೆಯ ಮೇಲಿನ ಕಾರು ಓಡುತ್ತದೆ, ಇಳಿದರೆ ನಿಲ್ಲುತ್ತದೆ. ಮಿದುಳು ತನ್ನದೇ ಅಲೆಯನ್ನು ನೋಡಿ ತಿದ್ದಿಕೊಳ್ಳಲು ಕಲಿಯಲಿ ಅನ್ನೋದು ಆಸೆ. ಹೊರಗಿಂದ ಕರೆಂಟ್ ಏನೂ ಕೊಡುವುದಿಲ್ಲ.

ಈ ಆಸೆಗೆ ಆಧಾರವೂ ಇದೆ. 1960ರ ದಶಕದಲ್ಲಿ ಅಮೆರಿಕದ ಬ್ಯಾರಿ ಸ್ಟರ್ಮನ್ ಬೆಕ್ಕುಗಳಿಗೆ 12ರಿಂದ 15 ಹರ್ಟ್ಸ್ ಅಲೆ ಹೆಚ್ಚಿಸಿದಾಗೆಲ್ಲ ತಿನಿಸು ಕೊಟ್ಟು ತರಬೇತಿ ಮಾಡಿದರು. ಆಮೇಲೆ ರಾಕೆಟ್ ಇಂಧನದ ವಿಷ ಪರೀಕ್ಷಿಸುವಾಗ, ಆ ಬೆಕ್ಕುಗಳಿಗೆ ಫಿಟ್ಸ್ ಬರೋದು ತಡವಾಯಿತು. 1972ರಲ್ಲಿ ಮೂರ್ಛೆರೋಗ ಇರುವ ಒಬ್ಬರ ಮೇಲಿನ ಪ್ರಯೋಗದ ವರದಿಯೂ ಬಂತು.

ನಮ್ಮ ಹತ್ತಿರದ ಉದಾಹರಣೆ ಬೆಂಗಳೂರಿನ ನಿಮ್ಹಾನ್ಸ್. ತಲೆಗೆ ಪೆಟ್ಟುಬಿದ್ದು ನೆನಪು, ಗಮನ ಕುಗ್ಗಿದವರಿಗೆ ಅಲ್ಲಿ ಈ ತರಬೇತಿ ಕೊಟ್ಟು ಅಧ್ಯಯನ ಮಾಡಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 60 ಜನರಿದ್ದರು. ಒಂದು ಗುಂಪಿಗೆ 20 ಸೆಷನ್ ತರಬೇತಿ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ತರಬೇತಿ ಪಡೆದವರಲ್ಲಿ ಸುಧಾರಣೆ ಹೆಚ್ಚು ಕಂಡಿತು. ಎರಡನೇ ಗುಂಪು ಯಾಕೆ ಬೇಕು? ಪೆಟ್ಟು ತಿಂದ ಮಿದುಳು ಕಾಲ ಕಳೆದಂತೆ ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಎಲ್ಲ ಹೊಗಳಿಕೆಯೂ ಟೋಪಿಗೇ ಹೋಗಿಬಿಡುತ್ತದೆ.

ಇಲ್ಲೇ ಆ ಹೊಸ ಶೂ ನೆನಪಾಗಿದ್ದು. ಶೂ ಹಾಕಿದವನೊಬ್ಬನನ್ನೇ ನೋಡಿದ್ರೆ ಶೂನಿಂದಲೇ ಹತ್ತಿದ ಅಂತ ನಂಬುತ್ತಿದ್ವಿ. ಬರಿಗಾಲಿನವನೂ ಕಣ್ಣೆದುರಿಗಿದ್ದ, ಬಚಾವಾದ್ವಿ.

ಆದರೆ ಬರೀ ಎರಡು ಗುಂಪಿದ್ದರೂ ಸಾಲದು. ತರಬೇತಿಗೆ ಹೋದ ಮಗುವಿಗೆ ವಾರವಾರ ಒಬ್ಬರು ಗಮನ ಕೊಡುತ್ತಾರೆ, ಬೆನ್ನು ತಟ್ಟುತ್ತಾರೆ. ಅಪ್ಪ ಅಮ್ಮನಿಗೂ ಭರವಸೆ ಬರುತ್ತದೆ. ಸುಧಾರಣೆ ಅದರಿಂದಲೂ ಆಗಬಹುದು. ಅದಕ್ಕೆ ಎರಡನೇ ಗುಂಪಿಗೂ ಟೋಪಿ ಹಾಕಿ, ಬೇರೆಯವರ ಹಳೆಯ ಇಇಜಿ ದಾಖಲೆಯಿಂದ ಪರದೆ ಓಡಿಸುತ್ತಾರೆ. ಯಾರದ್ದು ಅಸಲಿ, ಯಾರದ್ದು ನಕಲಿ ಅಂತ ಮಗುವಿಗೂ ಮನೆಯವರಿಗೂ ತಿಳಿಯುವುದಿಲ್ಲ.

ಅಮೆರಿಕದಲ್ಲಿ 7ರಿಂದ 10 ವರ್ಷದ, ಎಡಿಎಚ್‌ಡಿ ಇರುವ 144 ಮಕ್ಕಳ ಮೇಲೆ ಹೀಗೆ ಪರೀಕ್ಷೆ ಮಾಡಿದರು. 38 ಸೆಷನ್ ಆದ ಮೇಲೆ ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಮಾತ್ರ ಇರಲಿಲ್ಲ. 2024ರಲ್ಲಿ 38 ಅಧ್ಯಯನಗಳನ್ನು, ಒಟ್ಟು 2472 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಇದೇ ಉತ್ತರ. ನಿದ್ರಾಹೀನತೆಗೆ ಮಾಡಿದ 2017ರ ಒಂದು ಪ್ರಯೋಗದಲ್ಲೂ ಅಸಲಿ ನಕಲಿ ಎರಡೂ ಒಂದೇ.

ಹಾಗಂತ ಇದು ಪೂರ್ತಿ ಸುಳ್ಳು ಅನ್ನಲಾಗದು. ಕಲಿಕೆ ಆಗೋದು ನಿಜ, ಲೂಪ್ ನಿಜ. ಆದ್ರೆ ಅಲೆ ಬದಲಾಯಿತು ಅಂದ ಮಾತ್ರಕ್ಕೆ ಕಾಯಿಲೆ ಬದಲಾಯಿತು ಅಂತಲ್ಲ. ಮೀಟರಿನ ಮುಳ್ಳು ತಿರುಗಿಸಿದರೆ ಟ್ಯಾಂಕಿಗೆ ಪೆಟ್ರೋಲ್ ಬರುತ್ತಾ?

ಮುಂದಿನ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಹೇಳಿದ್ವಿ: "ಸಾಲ ಮಾಡಿ ಸೇರಿಸಬೇಡಿ ಅಂಕಲ್. ಡಾಕ್ಟರು ಕೊಟ್ಟ ಮಾತ್ರೆಯನ್ನ ಅವರನ್ನು ಕೇಳದೆ ನಿಲ್ಲಿಸಬೇಡಿ. ಮನೆಯಲ್ಲಿ ಹೇಗೆ ನೋಡ್ಕೋಬೇಕು ಅಂತ ತಂದೆತಾಯಿಗೂ ತರಬೇತಿ ಇದೆ, ಅದನ್ನ ಅವರ ಹತ್ರ ಕೇಳಿ. ಸ್ಕೂಲ್ ಮೇಷ್ಟ್ರ ಜೊತೆನೂ ಮಾತಾಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸುಲಭದ ದಾರಿ ಇಲ್ವಾ?" ಅಂದ್ರು. ಇಲ್ಲ ಅನ್ನೋಕೆ ನಮಗೆ ಕಷ್ಟವಾಯ್ತು. "ದಾರಿ ಇದೆ ಅಂಕಲ್, ಸ್ವಲ್ಪ ನಿಧಾನ" ಅಂದ್ವಿ.

ನಮ್ಮ ಹಾಸ್ಟೆಲ್‌ನಲ್ಲೂ ಪ್ಲೇಸ್‌ಮೆಂಟ್ ಆತಂಕಕ್ಕೆ ಹೆಡ್‌ಬ್ಯಾಂಡ್ ಹುಡುಕುವವರಿದ್ದಾರೆ. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ನಕಲಿ ಫೀಡ್‌ಬ್ಯಾಕ್ ಜೊತೆ ಹೋಲಿಸಿ ನೋಡಿದ್ದೀರಾ? ಮನಸ್ಸು ನಿಜಕ್ಕೂ ಭಾರವಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.