ರಿಂಕೋ, ರಿಂಗೋ?

ಭಾನುವಾರ ಬೆಳಗ್ಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಓಡಾಡಿದರೆ, ಹೆಲ್ಮೆಟ್ ಹಾಕಿದ ಪುಟಾಣಿಗಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟ ಅಪ್ಪಅಮ್ಮಂದಿರು ಸಿಗುತ್ತಾರೆ. ಎಲ್ಲಿಗೆಂದು ಕೇಳಿದರೆ ‘ಸ್ಕೇಟಿಂಗ್ ರಿಂಗ್‌ಗೆ’ ಎನ್ನುವವರೂ ಉಂಟು. ‘ರಿಂಗ್ ಅಲ್ಲ ಸ್ವಾಮಿ, ರಿಂಕ್’ ಎಂದು ತಿದ್ದುವ ಪಂಡಿತರೂ ಉಂಟು. ತಿದ್ದುವ ಮೊದಲು ಆ ಪದದ ಜಾತಕ ನೋಡುವುದು ಒಳ್ಳೆಯದು.

ರಿಂಕ್ ಸ್ಕಾಟ್ಲೆಂಡಿನ ಪದ. 14ನೇ ಶತಮಾನದ ಕೊನೆಯಲ್ಲಿ ಅದಕ್ಕೂ ಹಿಮಕ್ಕೂ ಸಂಬಂಧವೇ ಇರಲಿಲ್ಲ. ಪೈಪೋಟಿ ನಡೆಯುವ ಕಣಕ್ಕೆ, ಅದರಲ್ಲೂ ಸವಾರರು ಈಟಿ ಹಿಡಿದು ಎದುರುಬದುರು ನುಗ್ಗುವ ಜಾಗಕ್ಕೆ, ಆ ಹೆಸರಿತ್ತು. ‘ಸಾಲು’ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದಿರಬೇಕೆಂದು ನಿಘಂಟುಕಾರರ ಅಂದಾಜು. ಪರೀಕ್ಷೆಯಲ್ಲಿ ನಮ್ಮ ಮಕ್ಕಳು ತೆಗೆಯುವ ರ‍್ಯಾಂಕ್ ಕೂಡ ಅದರದೇ ಕೂಸು. ಆ ಫ್ರೆಂಚ್ ಪದದ ಬೇರು ಜರ್ಮನ್ ಬಳಗದ ‘ಹ್ರಿಂಗ್’, ಅಂದರೆ ಬಳೆ, ವೃತ್ತ. ಬೆರಳಿನ ರಿಂಗೂ ಅಲ್ಲಿಯದೇ. ಅಂದಾಜು ಸರಿಯಾದರೆ ರಿಂಕ್, ರಿಂಗ್, ರ‍್ಯಾಂಕ್ ಮೂವರೂ ದಾಯಾದಿಗಳು!

ಈಟಿಯ ಕಾಲ ಮುಗಿಯಿತು, ಪದ ಉಳಿಯಿತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಕಲ್ಲುಗುಂಡು ಜಾರಿಸುವ ಕರ್ಲಿಂಗ್ ಆಟಕ್ಕೆ ಅಳೆದು ಗುರುತಿಸಿದ ಪಟ್ಟಿ 1787ರ ಹೊತ್ತಿಗೆ ರಿಂಕ್ ಆಗಿತ್ತು. ಆ ಆಟದ ನಾಲ್ವರ ತಂಡಕ್ಕೂ ಅದೇ ಹೆಸರು. ತೆನೆ ಬಡಿಯುತ್ತಿದ್ದ ನಮ್ಮ ಕಣ ಕುಸ್ತಿಗೂ ಚುನಾವಣೆಗೂ ಒದಗಿಬಂದ ಹಾಗೆ.

1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ನಾಲ್ಕು ಗಾಲಿಯ ಹೊಸ ಸ್ಕೇಟ್‌ಗೆ ಪೇಟೆಂಟ್ ಪಡೆದ. ಮೈ ಯಾವ ಕಡೆ ವಾಲಿಸಿದರೆ ಗಾಲಿ ಆ ಕಡೆ ತಿರುಗುತ್ತಿತ್ತು. ಅದಕ್ಕೂ ಮೊದಲಿನ ಸ್ಕೇಟ್‌ಗಳಲ್ಲಿ ತಿರುಗುವುದೇ ಹರಸಾಹಸ. ಮುಂದಿನ ದಶಕದಲ್ಲಿ ಮರದ ನೆಲವೂ ರಿಂಕ್ ಅನ್ನಿಸಿಕೊಂಡಿತು. 1876ರಲ್ಲಿ ಜಾನ್ ಗ್ಯಾಮ್ಜಿ ಲಂಡನ್ನಿನಲ್ಲಿ ಯಂತ್ರದಿಂದ ಹಿಮ ಕಟ್ಟಿಸಿ ‘ಗ್ಲೇಸಿಯೇರಿಯಂ’ ತೆರೆದ.

ನಮ್ಮಲ್ಲಿ ಎಂಥ ಮಾಗಿಯ ಚಳಿಗೂ ಕೆಂಗೇರಿ ಕೆರೆ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಬಡಾವಣೆಯ ಮಕ್ಕಳ ಪಾಲಿಗೆ ರಿಂಕ್ ಎಂದರೆ ನಯವಾಗಿ ತಿಕ್ಕಿದ ಸಿಮೆಂಟಿನ ನೆಲ. ಅಲ್ಲಿ ಒಂದು ಮರಳ ಕಣ ಗಾಲಿಗೆ ಸಿಕ್ಕಿದರೂ ಸಾಕು, ಸರ‍್ರನೆ ಬರುತ್ತಿದ್ದ ಹುಡುಗಿ ಮಂಡಿಯೂರುತ್ತಾಳೆ. ಮುಂದಿನ ಭಾನುವಾರ ಮಗು ‘ರಿಂಗ್’ ಎಂದರೆ ತಿದ್ದಲು ಹೋಗಬೇಡಿ. ಮಂಡಿಪಟ್ಟಿ ಬಿಗಿಯಾಗಿದೆಯೇ ನೋಡಿ, ನೆಲ ಗುಡಿಸಿದ್ದಾರೆಯೇ ವಿಚಾರಿಸಿ.